ಕಾಯ್ದೆ ರದ್ದಾದರೂ ಅಳಿಯದ ಕಳಂಕ: ಅಪರಾಧಿ ಬುಡಕಟ್ಟುಗಳ ಕಾಯ್ದೆಯ ದೀರ್ಘಕಾಲೀನ ಪರಿಣಾಮಗಳು

ವಸಾಹತುಶಾಹಿ ಆಡಳಿತವು ನೆಲವನ್ನು ಅಳೆದು ಕಂದಾಯ ನಿಗದಿಪಡಿಸಿದಂತೆಯೇ ಜನಸಮುದಾಯಗಳನ್ನೂ ವರ್ಗೀಕರಿಸಿ ದಾಖಲಿಸಿತು. ಈ ವರ್ಗೀಕರಣದ ಅತ್ಯಂತ ಕಠೋರ ರೂಪವನ್ನು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಕಾಣಬಹುದು. ಕಸುಬು ವಂಶಪಾರಂಪರ್ಯವಾಗಿ ಬರುವಂತೆ ಅಪರಾಧವೂ ಹುಟ್ಟಿನಿಂದಲೇ ಬರುತ್ತದೆಂಬ ಗ್ರಹಿಕೆಯೇ ಇದರ ಆಧಾರ. ಸರ್ಕಾರವು ಒಂದು ಸಮುದಾಯವನ್ನು ಅಪರಾಧಿ ಬುಡಕಟ್ಟೆಂದು ಘೋಷಿಸಿದರೆ ಅದನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ.

ಮೊದಲು ಉತ್ತರ ಭಾರತಕ್ಕೆ ಅನ್ವಯವಾಗಿದ್ದ ಈ ವ್ಯವಸ್ಥೆಯು 1911ರ ಕಾಯ್ದೆಯ ಮೂಲಕ ಮದರಾಸು, ಮುಂಬಯಿ ಪ್ರಾಂತ್ಯಗಳಿಗೂ ವಿಸ್ತರಿಸಿತು. ದಕ್ಷಿಣದಲ್ಲಿ ಇದಕ್ಕೆ ಗುರಿಯಾದವರಲ್ಲಿ ಕೊರಚ, ಕೊರಮ ಸಮುದಾಯಗಳು ಪ್ರಮುಖವಾದವು. ಕರಾವಳಿಯ ಉಪ್ಪನ್ನು ಎತ್ತು, ಕತ್ತೆಗಳ ಮೇಲೆ ಹೇರಿಕೊಂಡು ಒಳನಾಡಿಗೆ ಸಾಗಿಸಿ, ಅದಕ್ಕೆ ಪ್ರತಿಯಾಗಿ ಧಾನ್ಯ ಪಡೆಯುತ್ತಿದ್ದ ಸಂಚಾರಿ ವ್ಯಾಪಾರಿಗಳು ಇವರು. ರೈಲುಮಾರ್ಗಗಳೂ ಸರ್ಕಾರದ ಉಪ್ಪಿನ ನೀತಿಯೂ ಈ ವ್ಯಾಪಾರವನ್ನು ಕುಗ್ಗಿಸಿದವು. 1876–78ರ ಕ್ಷಾಮವು ಜಾನುವಾರುಗಳನ್ನು ಬಲಿ ತೆಗೆದುಕೊಂಡಿತು. ಅರಣ್ಯ ಕಾನೂನುಗಳು ಮೇವು ಹಾಗೂ ಬಿದಿರಿನ ಮೇಲೆ ನಿರ್ಬಂಧ ಹೇರಿದವು. ಜೀವನೋಪಾಯವನ್ನು ಕಳೆದುಕೊಂಡವರ ಅಲೆದಾಟವನ್ನೇ ಆಡಳಿತವು ಅಪರಾಧದ ಕುರುಹೆಂದು ಭಾವಿಸಿದ್ದು ಇಲ್ಲಿನ ವಿಪರ್ಯಾಸ.

ನೋಂದಾಯಿತರ ಬೆರಳಚ್ಚು ಪಡೆಯುವುದು, ಹಾಜರಿ ತೆಗೆದುಕೊಳ್ಳುವುದು, ಅವರ ಸಂಚಾರವನ್ನು ನಿರ್ಬಂಧಿಸುವುದು ಈ ಕಾಯ್ದೆಯ ಮುಖ್ಯ ವಿಧಾನಗಳು. ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸುವ ಅಧಿಕಾರವೂ ಸರ್ಕಾರಕ್ಕಿತ್ತು. ಮುಂಬಯಿ ಪ್ರಾಂತ್ಯದ ಭಾಗವಾಗಿದ್ದ ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಇಂತಹವರಿಗಾಗಿ ಸೆಟ್ಲಮೆಂಟುಗಳು ಸ್ಥಾಪನೆಗೊಂಡವು. ಸುಧಾರಣೆಯ ಹೆಸರಿನ ಈ ನೆಲೆಗಳು ಕಾವಲಿನಲ್ಲಿಟ್ಟ ದುಡಿಮೆಗಾರರನ್ನೂ ಒದಗಿಸಿದವು. ಹುಬ್ಬಳ್ಳಿಯ ಬಡಾವಣೆಯೊಂದಕ್ಕೆ ಆ ಹೆಸರು ಇಂದಿಗೂ ಅಂಟಿಕೊಂಡಿದೆ.

ಅನಂತಶಯನಂ ಅಯ್ಯಂಗಾರ್ ಅವರ ಅಧ್ಯಕ್ಷತೆಯ ವಿಚಾರಣಾ ಸಮಿತಿಯು ಶಿಫಾರಸು ಮಾಡಿದ ಮೇಲೆ, 1952ರ ಆಗಸ್ಟ್ 31ರಂದು ಈ ಕಾಯ್ದೆಯು ರದ್ದಾಯಿತು. ಅಂದಿನಿಂದ ಈ ಸಮುದಾಯಗಳು ವಿಮುಕ್ತ ಬುಡಕಟ್ಟುಗಳೆನಿಸಿದವು. ಆದರೆ ಹಲವು ರಾಜ್ಯಗಳು ಜಾರಿಗೆ ತಂದ ರೂಢಿಗತ ಅಪರಾಧಿಗಳ ಕಾಯ್ದೆಗಳು ಹಳೆಯ ಕಣ್ಗಾವಲಿಗೆ ಹೊಸ ದಾರಿ ತೆರೆದವು. ಈ ಕಾನೂನುಗಳ ದೃಷ್ಟಿ ಸಮುದಾಯದಿಂದ ವ್ಯಕ್ತಿಯ ಕಡೆಗೆ ಹೊರಳಿದರೂ, ವ್ಯವಹಾರದಲ್ಲಿ ಸಂಶಯದ ನೆರಳು ಮಾತ್ರ ಅದೇ ಜನರ ಮೇಲೆ ಉಳಿಯಿತು.

ಇದರ ಪುರಾವೆಗಾಗಿ ದೂರ ಹೋಗಬೇಕಾಗಿಲ್ಲ. ಸೆರೆಮನೆಗಳಲ್ಲಿನ ಜಾತಿ ತಾರತಮ್ಯವನ್ನು ಕುರಿತು ಸರ್ವೋಚ್ಚ ನ್ಯಾಯಾಲಯವು 2024ರ ಅಕ್ಟೋಬರ್ 3ರಂದು ನೀಡಿದ ತೀರ್ಪು, ಕೆಲವು ರಾಜ್ಯಗಳ ಸೆರೆಮನೆ ನಿಯಮಾವಳಿಗಳಲ್ಲಿ ಈ ಸಮುದಾಯಗಳನ್ನು ರೂಢಿಗತ ಅಪರಾಧಿಗಳೊಡನೆ ಸಮೀಕರಿಸುವ ಅಂಶಗಳು ಉಳಿದಿದ್ದುದನ್ನು ಗುರುತಿಸಿ, ಅವುಗಳನ್ನು ಅಸಾಂವಿಧಾನಿಕವೆಂದು ಸಾರಿತು. ವಿಮುಕ್ತರ ಮನಸೋಇಚ್ಛೆಯ ಬಂಧನ ನಡೆಯದಂತೆ ಪೊಲೀಸರು ಎಚ್ಚರವಹಿಸಬೇಕೆಂದೂ ನಿರ್ದೇಶಿಸಿತು. ಕಾಯ್ದೆ ರದ್ದಾಗಿ 72 ವರ್ಷಗಳು ಸಂದ ಮೇಲೂ ಇಂತಹ ನಿರ್ದೇಶನ ಅಗತ್ಯವಾಯಿತೆಂಬುದು ಗಮನಾರ್ಹ.

ವಸಾಹತು ಆಳ್ವಿಕೆಯು ಬಿಟ್ಟುಹೋದ ಕಟ್ಟಡ, ಸೇತುವೆಗಳು ಕಣ್ಣಿಗೆ ಕಾಣುತ್ತವೆ. ಅದು ಕಡತಗಳಲ್ಲಿ ಬಿಟ್ಟುಹೋದ ವರ್ಗಗಳಾದರೋ ಆಡಳಿತದ ರೂಢಿಯಲ್ಲಿ ಬೆರೆತು ಸಹಜ ಸತ್ಯದಂತೆ ತೋರುತ್ತವೆ. ಆ ವರ್ಗಗಳ ಹುಟ್ಟನ್ನು ದಾಖಲೆಗಳಿಂದ ಬಯಲಿಗೆ ತರುವುದು ಚರಿತ್ರೆಯ ಅಧ್ಯಯನದ ಹೊಣೆಯಾಗಿದೆ.