ಲಲಿತಮಹಲ್ ಅರಮನೆಯ ವಾಸ್ತುಶಿಲ್ಪ

ಲಲಿತಮಹಲ್ ಮೈಸೂರು ನಗರದ ಪೂರ್ವಭಾಗದಲ್ಲಿ, ಚಾಮುಂಡಿ ಬೆಟ್ಟಕ್ಕೆ ಸಮೀಪದ ಎತ್ತರದ ನೆಲದ ಮೇಲೆ ನಿಂತಿರುವ ಶ್ವೇತವರ್ಣದ ಅರಮನೆ. ನಾಲ್ವಡಿ ಕೃಷ್ಣರಾಜ ಒಡೆಯರು ಭಾರತದ ವೈಸರಾಯರ ವಾಸ್ತವ್ಯಕ್ಕೆಂದು ಇದನ್ನು ಕಟ್ಟಿಸಿದರು. ಇದರ ಶಂಕುಸ್ಥಾಪನೆ ನಡೆದದ್ದು 1921ರಲ್ಲಿ. ಮುಂಬಯಿಯ ವಾಸ್ತುಶಿಲ್ಪಿ ಇ. ಡಬ್ಲ್ಯು. ಫ್ರಿಚ್ಲಿ ವಿನ್ಯಾಸ ರೂಪಿಸಿದರು, ಬಿ. ಮುನಿವೆಂಕಟಪ್ಪ ನಿರ್ಮಾಣದ ಗುತ್ತಿಗೆದಾರರಾಗಿದ್ದರು. 1974ರಿಂದ ಕಟ್ಟಡವು ಹೋಟೆಲಾಗಿ ಬಳಕೆಯಲ್ಲಿದೆ.

ಹಿನ್ನೆಲೆ

ಹೆಸರಿಗೆ ಅರಮನೆಯಾದರೂ ಇದು ರಾಜನಿವಾಸವಾಗಿ ಹುಟ್ಟಿದ ಕಟ್ಟಡವಲ್ಲ, ಅತಿಥಿಗೃಹ. ಈ ಭೇದವನ್ನು ಗಮನಿಸದಿದ್ದರೆ ಇದರ ವಾಸ್ತುಶಿಲ್ಪದ ಸ್ವರೂಪ ಸ್ಪಷ್ಟವಾಗದು. ನಗರದ ನಡುವಿನ ಅಂಬಾವಿಲಾಸ ಅರಮನೆಯನ್ನು ಹೆನ್ರಿ ಇರ್ವಿನ್ ಇಂಡೋ-ಸಾರ್ಸೆನಿಕ್ ಶೈಲಿಯಲ್ಲಿ ರೂಪಿಸಿದ್ದು, ಅದು 1912ರಲ್ಲಿ ಪೂರ್ಣಗೊಂಡಿತ್ತು. ದರ್ಬಾರು, ಅಂತಃಪುರ, ಪೂಜಾವಿಧಿಗಳು ಅಲ್ಲಿನ ಜೀವಾಳ. ಅದಾದ ಒಂಬತ್ತೇ ವರ್ಷಗಳಲ್ಲಿ ಅದೇ ಅರಸರು ಸಂಪೂರ್ಣವಾಗಿ ಯುರೋಪಿನ ಶಾಸ್ತ್ರೀಯ ಶೈಲಿಯನ್ನು ಆರಿಸಿಕೊಂಡದ್ದು ಅಭಿರುಚಿ ಬದಲಾದುದರಿಂದ ಎನ್ನುವುದಕ್ಕಿಂತ ನಿವಾಸಿಗಳು ಬೇರೆಯಾದುದರಿಂದ ಎನ್ನುವುದು ಯುಕ್ತ. ಪಾಶ್ಚಾತ್ಯ ಅತಿಥಿಗಳ ಊಟೋಪಚಾರಗಳಿಗೂ ನೃತ್ಯಕೂಟಗಳಿಗೂ ರಾಜಮನೆತನದ ಆಚಾರಗಳಿಂದ ದೂರವಿರುವ ಒಂದು ಮನೆ ಬೇಕಾಗಿತ್ತು.

ಹೊರಭಾಗ

ಎರಡು ಅಂತಸ್ತಿನ ಮುಂಭಾಗವು ಉದ್ದಕ್ಕೆ ಚಾಚಿಕೊಂಡಿದೆ. ವಾಹನಗಳು ಬಂದು ನಿಲ್ಲುವ ಮುಖಮಂಟಪವು ಮುಂದಕ್ಕೆ ಚಾಚಿದ್ದು, ಅಯೋನಿಕ್ ಶೈಲಿಯ ಜೋಡಿ ಕಂಬಗಳು ಗೋಡೆಗೆ ಲಯವನ್ನು ಕೊಡುತ್ತವೆ. ಗುಮ್ಮಟಗಳು ಹಲವಿದ್ದರೂ ಪ್ರವೇಶದ್ವಾರದ ನೇರಕ್ಕಿರುವ ನಡುಗುಮ್ಮಟವೇ ಪ್ರಧಾನ.

ಲಲಿತಮಹಲ್ ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್ಲಿನ ಪ್ರತಿಕೃತಿ ಎಂದು ಹೇಳುವುದು ವಾಡಿಕೆ. ಇದು ಅತಿಶಯೋಕ್ತಿ. ಕ್ರಿಸ್ಟೋಫರ್ ರೆನ್ ರೂಪಿಸಿದ ಆ ಚರ್ಚಿನಿಂದ ಇಲ್ಲಿಗೆ ಬಂದಿರುವುದು ಮುಖ್ಯವಾಗಿ ಗುಮ್ಮಟದ ಆಕಾರ. ಜೋಡಿ ಕಂಬಗಳು ರೆನ್‌ನ ಪಶ್ಚಿಮ ಮುಖಭಾಗದಲ್ಲಿಯೂ ಉಂಟು. ಆದರೆ ಅಲ್ಲಿ ಕೆಳಗಿನವು ಕೊರಿಂಥಿಯನ್, ಮೇಲಿನವು ಕಾಂಪೊಸಿಟ್ ಶೈಲಿಯವು. ತಳವಿನ್ಯಾಸದಲ್ಲಂತೂ ಹೋಲಿಕೆಯೇ ಇಲ್ಲ. ಚರ್ಚಿನ ಗುಮ್ಮಟ ಶಿಲುಬೆಯಾಕಾರದ ಕಟ್ಟಡದ ಭುಜಗಳು ಕೂಡುವೆಡೆಯಲ್ಲಿ, ಪ್ರಾರ್ಥನೆಗೆ ನೆರೆದವರ ನೆತ್ತಿಯ ಮೇಲೆ ಏಳುತ್ತದೆ. ಇಲ್ಲಿನದು ದೂರದಿಂದ ಬರುವ ಅತಿಥಿಗೆ ಬಾಗಿಲು ಎಲ್ಲಿದೆಯೆಂದು ತೋರಿಸುತ್ತದೆ.

ಒಳಾಂಗಣ

ಒಳಗೆ ಇಟಲಿಯ ಅಮೃತಶಿಲೆಯ ಮೆಟ್ಟಿಲಸಾಲು ನಡುವಿನಲ್ಲಿ ಇಬ್ಭಾಗವಾಗಿ ಮೇಲೇರುತ್ತದೆ. ಬೆಲ್ಜಿಯಂ ಗಾಜಿನ ತೂಗುದೀಪಗಳು, ಗಾರೆಯ ಉಬ್ಬುಕೆಲಸ, ಒಡೆಯರ್ ಮನೆತನದವರ ಆಳೆತ್ತರದ ಭಾವಚಿತ್ರಗಳು ಇಲ್ಲಿವೆ. ಆದರೆ ಕಟ್ಟಡದ ಅತ್ಯುತ್ತಮ ಭಾಗ ನೃತ್ಯಶಾಲೆ. ಅದರ ಚಾವಣಿಯ ಬಣ್ಣದ ಗಾಜಿನಿಂದ ಹಗಲು ಬೆಳಕು ಸೋಸಿ ಇಳಿಯುತ್ತದೆ. ನೆಲ ಮರದ್ದು, ಕುಣಿಯುವವರ ಹೆಜ್ಜೆಗೆ ತುಸು ಬಾಗಿ ಮರಳುವಂತೆ ಹಾಸಿರುವುದು. ಹೋಟೆಲಾದ ಮೇಲೆ ಇದೇ ಭೋಜನಶಾಲೆಯಾಯಿತು. ಊಟದ ಮೇಜುಗಳು ತುಂಬಿರುವಾಗ ನೆಲದ ಈ ಗುಣ ಯಾರ ಗಮನಕ್ಕೂ ಬಾರದಿರುವುದು ಸಹಜ.

ಹೋಟೆಲಾಗಿ ಪರಿವರ್ತನೆ

1974ರಲ್ಲಿ ಕಟ್ಟಡವು ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಅಶೋಕ ಹೋಟೆಲುಗಳ ಸಮೂಹಕ್ಕೆ ಸೇರಿತು. ಸಾಮಾನ್ಯವಾಗಿ ಅರಮನೆಯನ್ನು ಹೋಟೆಲು ಮಾಡುವಾಗ ಸಭಾಂಗಣಗಳನ್ನು ಒಡೆದು ಕೋಣೆಗಳನ್ನು ಹೊಂದಿಸಬೇಕಾಗುತ್ತದೆ. ಮೊದಲಿನಿಂದಲೂ ಅತಿಥಿಗಳಿಗಾಗಿಯೇ ಇದ್ದ ಇಲ್ಲಿ ಮಲಗುವ ಕೋಣೆ, ಊಟ, ವಿನೋದಗಳ ವಿಂಗಡಣೆ ಆಗಲೇ ಸಿದ್ಧವಿತ್ತು. ಆದುದರಿಂದಲೇ ಮೆಟ್ಟಿಲಸಾಲು, ನೃತ್ಯಶಾಲೆ, ಮುಖಮಂಟಪ ಮೂರೂ ಮೂಲಸ್ಥಾನದಲ್ಲಿ ಉಳಿದಿವೆ. ವೈಸರಾಯರಿಗೆ ಮೀಸಲಾಗಿದ್ದ ಬಾಗಿಲು ಬಾಡಿಗೆ ತೆರುವ ಯಾರಿಗಾದರೂ ತೆರೆಯಿತು ಎಂಬುದು ವಾಸ್ತುವಿನಲ್ಲಿ ಕಾಣದ, ಆದರೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ.

2018ರಲ್ಲಿ ಹೋಟೆಲು ಕರ್ನಾಟಕ ಸರ್ಕಾರಕ್ಕೆ ಹಸ್ತಾಂತರವಾಗಿ, ಅದರ ನಿರ್ವಹಣೆಯನ್ನು ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆ ವಹಿಸಿಕೊಂಡಿತು. ಗಾರೆಕೆಲಸ, ಮರದ ನೆಲ ಎರಡೂ ತೇವಕ್ಕೆ ಬೇಗ ಕೆಡುವಂಥವು. ಆದ್ದರಿಂದ ಪ್ರತಿ ಮಳೆಗಾಲಕ್ಕೂ ಮುನ್ನ ಚಾವಣಿಯ ತಪಾಸಣೆ ಇಂಥ ಕಟ್ಟಡದ ಸಂರಕ್ಷಣೆಯಲ್ಲಿ ಮೊದಲ ಕೆಲಸವಾಗಿರುತ್ತದೆ.