ಹಕ್ಕಿಗೆ ಮನೆ ಕಟ್ಟಿದ ರೈತರು

ಪರಂಪರೆ ಎಂದೊಡನೆ ನಮ್ಮ ಮನಸ್ಸು ಕಲ್ಲಿನ ಕಡೆಗೆ ಹೋಗುತ್ತದೆ. ದೇವಾಲಯ, ಕೋಟೆ, ಅರಮನೆ, ಶಾಸನಗಳೆಲ್ಲ ಬೇಲಿ ಹಾಕಿ, ಫಲಕ ನೆಟ್ಟು ಕಾಯಬಹುದಾದ ವಸ್ತುಗಳು. 2004ರಲ್ಲಿ ಚೀನಾದ ಸುಝೌ ನಗರದಲ್ಲಿ ಸಭೆ ಸೇರಿದ ಯುನೆಸ್ಕೋ ವಿಶ್ವ ಪರಂಪರೆ ಸಮಿತಿಯು ಮುಂಬಯಿಯ ಛತ್ರಪತಿ ಶಿವಾಜಿ ಟರ್ಮಿನಸ್ ಕಟ್ಟಡವನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಅದೇ ಸಭೆಯಲ್ಲಿ ನಾರ್ವೆಯ ವೇಗಾ ದ್ವೀಪಸಮೂಹವೂ ಪಟ್ಟಿಗೆ ಸೇರಿತು. ಅಲ್ಲಿ ಗುಮ್ಮಟವಿಲ್ಲ, ಗೋಪುರವಿಲ್ಲ. ಬಡ ರೈತರು ಕಾಡುಹಕ್ಕಿಗಾಗಿ ಕಟ್ಟಿಕೊಟ್ಟ ಮೊಣಕಾಲೆತ್ತರದ ಗೂಡುಮನೆಗಳಿವೆ. ಇಂಥದೊಂದು ಜಾಗ ವಿಶ್ವದ ಸಂಪತ್ತೆನಿಸಿಕೊಂಡದ್ದು ಹೇಗೆ ಎಂಬುದು ವಿಚಾರಿಸತಕ್ಕ ಸಂಗತಿ.

ವೇಗಾ ಇರುವುದು ಉತ್ತರ ಧ್ರುವವೃತ್ತದಿಂದ ತುಸುವೇ ದಕ್ಷಿಣಕ್ಕೆ, ನಾರ್ಡ್‌ಲ್ಯಾಂಡ್ ಪ್ರಾಂತದ ಕರಾವಳಿಯಾಚೆ. ದೊಡ್ಡ ದ್ವೀಪ ಒಂದು; ಅದರ ಸುತ್ತ ಚೆದುರಿದ ನಡುಗಡ್ಡೆಗಳೂ ಬಂಡೆಗಳೂ ಸೇರಿ ಸುಮಾರು 6,500. ಶಿಲಾಯುಗದಿಂದಲೇ ಇಲ್ಲಿ ಮನುಷ್ಯವಾಸವಿತ್ತು. ಆದರೆ ಹೊರಗಿನ ಚಿಕ್ಕ ದ್ವೀಪಗಳಲ್ಲಿ ಮಣ್ಣು ತೆಳು, ಗಾಳಿ ಬಿರುಸು, ಬೇಸಿಗೆ ಗಿಡ್ಡ. ಒಂದೆರಡು ಹಸು, ಕೆಲವು ಕುರಿ, ಹುಲ್ಲುಗಾವಲಿನ ತುಂಡು: ಇಷ್ಟರಿಂದ ಸಂಸಾರ ಸಾಗದು. ಆದ್ದರಿಂದ ಇಲ್ಲಿಯ ರೈತ ಮೀನುಗಾರನೂ ಆಗಿದ್ದ. ನಾರ್ವೆಯ ಭಾಷೆಯಲ್ಲಿ ಇವೆರಡಕ್ಕೂ ಸೇರಿ ‘ಮೀನುಗಾರ-ರೈತ’ ಎಂಬ ಒಂದೇ ಪದವಿದೆ. ಚಳಿಗಾಲದಲ್ಲಿ ಗಂಡಸರು ಲೋಫೋಟೆನ್ ಕಡೆಗೆ ಕಾಡ್ ಮೀನು ಹಿಡಿಯಲು ದೋಣಿ ಹತ್ತಿದರೆ, ಹಟ್ಟಿ, ಹೊಲ, ಮಕ್ಕಳು ಎಲ್ಲವೂ ಹೆಂಗಸರ ಪಾಲಿಗೆ.

ಈ ಬದುಕಿಗೆ ಮೂರನೆಯ ಆಸರೆ ಐಡರ್ ಎಂಬ ಕಡಲಬಾತು. ಹೆಣ್ಣು ಐಡರ್ ತನ್ನ ಎದೆಯ ತುಪ್ಪುಳನ್ನು ಕಿತ್ತು ಗೂಡಿಗೆ ಹಾಸಿ ಮೊಟ್ಟೆಗಳನ್ನು ಬೆಚ್ಚಗಿಡುತ್ತದೆ. ಇದಕ್ಕಿಂತ ಹಗುರವೂ ಬೆಚ್ಚಗೂ ಆದ ಹಾಸು ಪ್ರಕೃತಿಯಲ್ಲಿ ದುರ್ಲಭ. ದ್ವೀಪದವರು ವಸಂತದ ಹೊತ್ತಿಗೆ ಕಲ್ಲು, ಹಲಗೆ, ಕಡಲಲ್ಲಿ ತೇಲಿಬಂದ ಮರಗಳಿಂದ ಹಕ್ಕಿಮನೆಗಳನ್ನು ಸರಿಪಡಿಸುತ್ತಾರೆ. ಒಣಗಿಸಿದ ಕಡಲಪಾಚಿಯನ್ನು ಒಳಗೆ ಹಾಸುತ್ತಾರೆ. ಹಕ್ಕಿ ಬಂದು ಕಾವು ಕೂತ ನಾಲ್ಕು ವಾರ ಊರಲ್ಲಿ ಗದ್ದಲವಿಲ್ಲ, ನಾಯಿ ಬೆಕ್ಕುಗಳಿಗೆ ಬಿಡುವಿಲ್ಲ. ಕಾಗೆ, ಕಡಲಹದ್ದು, ನೀರುನಾಯಿಗಳು ಹತ್ತಿರ ಸುಳಿಯದಂತೆ ಮನೆಯವರು ಕಾವಲಿರುತ್ತಾರೆ. ಮರಿಗಳು ತಾಯಿಯೊಡನೆ ಕಡಲಿಗೆ ಇಳಿದ ಮೇಲೆ ಗೂಡಿನಲ್ಲುಳಿದ ತುಪ್ಪುಳೇ ಅವರ ಕೂಲಿ. ಅದನ್ನು ಒಣಗಿಸಿ, ಎಳೆಬಿಗಿದ ಮರದ ಚೌಕಟ್ಟಿನ ಮೇಲೆ ತಾಸುಗಟ್ಟಲೆ ಉಜ್ಜಿ ಕಸ ಬೇರ್ಪಡಿಸಬೇಕು. ಒಂದು ರಜಾಯಿಗೆ ಅರವತ್ತು ಎಪ್ಪತ್ತು ಗೂಡುಗಳ ತುಪ್ಪುಳು ಬೇಕು.

ಇಲ್ಲಿ ಗಮನಿಸತಕ್ಕ ಮಾತೊಂದಿದೆ. ಈ ಹಕ್ಕಿ ಸಾಕುಪ್ರಾಣಿಯಲ್ಲ. ಅದಕ್ಕೆ ಪಂಜರವಿಲ್ಲ, ರೆಕ್ಕೆ ಕತ್ತರಿಸಿಲ್ಲ. ತನ್ನ ಇಚ್ಛೆಯಿಂದ ಬರುತ್ತದೆ, ನಂಬಿಕೆ ಕೆಟ್ಟರೆ ಬರುವುದಿಲ್ಲ. ವರ್ಷವರ್ಷವೂ ಅದೇ ತಾಣಕ್ಕೆ ಮರಳುವುದು ಅದರ ಸ್ವಭಾವವಾದ್ದರಿಂದ, ಅಜ್ಜಿ ಗಳಿಸಿದ ನಂಬಿಕೆಯ ಫಲ ಮೊಮ್ಮಗಳಿಗೆ ದಕ್ಕುತ್ತಿತ್ತು.

ಈ ಭಾಗದ ಬದುಕು ಬಹಳ ಹಿಂದೆಯೇ ಬರಹದಲ್ಲಿ ದಾಖಲಾಗಿದೆ. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಓಥೆರೆ ಎಂಬ ನಾರ್ವೆಯ ಶ್ರೀಮಂತ ಇಂಗ್ಲೆಂಡಿನ ಆಲ್ಫ್ರೆಡ್ ದೊರೆಗೆ ತನ್ನ ನಾಡಿನ ವಿವರ ಹೇಳಿದ. ಆ ಹೇಳಿಕೆ ಹಳೆಯ ಇಂಗ್ಲಿಷಿನ ಗದ್ಯದಲ್ಲಿ ಉಳಿದುಬಂದಿದೆ, ಇಂಗ್ಲಿಷ್ ಎಂ.ಎ. ಓದಿದ ನಮ್ಮಂಥವರಿಗೆ ಅದು ವ್ಯಾಕರಣದ ಪಾಠವಾಗಿ ಪರಿಚಿತ. ಅವನ ನಾಡು ಹಾಲೊಗಾಲಾಂಡ್. ವೇಗಾ ಇರುವ ಕರಾವಳಿಯೂ ಅದರ ಭಾಗವೇ. ತನ್ನ ನಾಡಿನ ಪ್ರಮುಖರಲ್ಲಿ ಒಬ್ಬನಾದರೂ ಅವನ ಬಳಿ ಇದ್ದುದು ಇಪ್ಪತ್ತು ದನ, ಇಪ್ಪತ್ತು ಕುರಿ, ಇಪ್ಪತ್ತು ಹಂದಿ, ಉಳುಮೆಯೋ ಅತ್ಯಲ್ಪ. ಅವನ ಸಂಪತ್ತಿನ ಬಹುಪಾಲು ಸಾಮಿ ಜನ ಕೊಡುತ್ತಿದ್ದ ಕಪ್ಪ: ತೊಗಲು, ಹಡಗಿನ ಹಗ್ಗ, ಹಕ್ಕಿಯ ಗರಿ. ಯಾವ ಹಕ್ಕಿಯದೆಂದು ಆ ಬರಹ ಹೇಳುವುದಿಲ್ಲ. ಆದರೆ ಅದೇ ಶತಮಾನದ ಹೊತ್ತಿಗೆ ವೇಗಾ ತುಪ್ಪುಳಿನ ಪೂರೈಕೆಗೆ ಮುಖ್ಯ ನೆಲೆಯಾಗಿತ್ತೆಂಬುದು ಯುನೆಸ್ಕೋ ಒಪ್ಪಿದ ಮಾತು. ಹೆಚ್ಚುಕಡಿಮೆ 1,500 ವರ್ಷ ಮೀನುಗಾರ-ರೈತರು ಇಲ್ಲಿ ನಡೆಸಿದ ಬದುಕನ್ನೂ, ಅದರಲ್ಲಿ ಹೆಂಗಸರ ದುಡಿಮೆಯನ್ನೂ ಯುನೆಸ್ಕೋ ತನ್ನ ಮನ್ನಣೆಗೆ ಕಾರಣವಾಗಿ ಹೆಸರಿಸಿದೆ. ಅರಸರ ಹೆಸರಿನ ಪಟ್ಟಿಗಳನ್ನೇ ಇತಿಹಾಸವೆಂದು ಓದಿದ ನಮಗೆ ಇದು ಸಣ್ಣ ಸಂಗತಿಯಲ್ಲ.

ಆದರೂ ಮನ್ನಣೆ ಬರುವಷ್ಟರಲ್ಲಿ ಬದುಕು ಅರ್ಧ ಬರಿದಾಗಿತ್ತು. ಎರಡನೆಯ ಮಹಾಯುದ್ಧದ ನಂತರ ಮೀನುಗಾರಿಕೆ ದೊಡ್ಡ ಹಡಗುಗಳ ಉದ್ಯಮವಾಯಿತು. ಶಾಲೆ, ವೈದ್ಯರು, ವಿದ್ಯುತ್ತನ್ನು ಒಂದೊಂದು ಬಂಡೆಗೂ ತಲುಪಿಸುವುದಕ್ಕಿಂತ ಜನರನ್ನೇ ಕರೆತರುವುದು ಅಗ್ಗವೆಂದು ಸರ್ಕಾರ ದ್ವೀಪ ಬಿಡುವವರಿಗೆ ಧನಸಹಾಯ ಕೊಟ್ಟಿತು. ಸರ್ಕಾರಿ ಕಡತಗಳ ನಡುವೆ ಬದುಕುವ ನಮಗೆ ಆ ತರ್ಕ ಅರ್ಥವಾಗುತ್ತದೆ, ಅದರಲ್ಲಿ ದುರುದ್ದೇಶವಿರಲಿಲ್ಲ. ಮಕ್ಕಳ ಓದಿಗಾಗಿ ತಾಯಂದಿರು ಹೊರಟದ್ದರಲ್ಲೂ ತಪ್ಪಿಲ್ಲ. ಆದರೆ ಕಡತದಲ್ಲಿ ಹಕ್ಕಿಗೆ ಕಲಮು ಇರಲಿಲ್ಲ. ಕಾವಲು ತಪ್ಪಿದ ದ್ವೀಪಗಳಲ್ಲಿ ಗೂಡುಮನೆಗಳು ಕುಸಿದವು. ತುಪ್ಪುಳುಚರ್ಮಕ್ಕಾಗಿ ಅಮೆರಿಕದಿಂದ ತಂದು, ಸಾಕಣೆಯಿಂದ ತಪ್ಪಿಸಿಕೊಂಡಿದ್ದ ಮಿಂಕ್ ಪ್ರಾಣಿ ಈಜಿ ಬಂದು ಗೂಡುಗಳಿಗೆ ನುಗ್ಗಿತು. ಮನುಷ್ಯ ಹೊರಟುಹೋದರೆ ಕಾಡುಪ್ರಾಣಿಗೆ ನೆಮ್ಮದಿ ಎಂಬುದು ನಾವು ಎಲ್ಲೆಡೆ ಕೇಳುವ ಮಾತು. ಇಲ್ಲಿ ಮನುಷ್ಯ ಹೋದ ಬೆನ್ನಿಗೆ ಹಕ್ಕಿಯೂ ಹೋಯಿತು.

ಕಟ್ಟಡವಾದರೆ ದುರಸ್ತಿಗೆ ಅನುದಾನ ಸಾಕು. ವೇಗಾದಂಥ ಪರಂಪರೆಗೆ ಅನುದಾನದ ಜೊತೆಗೆ ಅಲ್ಲಿಯೇ ಉಳಿಯುವ ಒಬ್ಬರು ಬೇಕು. ಇಂದು ಲೋನನ್‌ನಂಥ ಕೆಲವೇ ದ್ವೀಪಗಳಿಗೆ ಹಿಂದಿನ ಮನೆತನದವರು ಹಕ್ಕಿಯ ಋತುವಿನಲ್ಲಿ ಮರಳಿ ಕಾವಲು ಕೂರುತ್ತಾರೆ. ದೊಡ್ಡ ದ್ವೀಪದ ನೆಸ್ ಎಂಬ ಊರಿನ ವಸ್ತುಸಂಗ್ರಹಾಲಯ ಈ ಕಸುಬಿನ ಕಥೆ ಹೇಳುತ್ತದೆ. ವರ್ಗಾವಣೆಯ ಬೆನ್ನುಹತ್ತಿ ಊರು ಬಿಟ್ಟ ನಾವು ಅವರಿಗೆ ಬುದ್ಧಿ ಹೇಳುವ ಸ್ಥಿತಿಯಲ್ಲಿಲ್ಲ. ಇಷ್ಟು ಮಾತ್ರ ಕಾಣುತ್ತದೆ: ಪಟ್ಟಿಯಲ್ಲಿ ಹೆಸರು ಶಾಶ್ವತವಾಗಿ ಉಳಿಯಬಹುದು, ಗೂಡಿನ ಕಡಲಪಾಚಿಯನ್ನು ಮಾತ್ರ ಪ್ರತಿ ವಸಂತದಲ್ಲೂ ಯಾರಾದರೂ ಕೈಯಾರೆ ಹೊಸದಾಗಿ ಹಾಸಲೇಬೇಕು.