ಗುಣಭದ್ರಾಚಾರ್ಯರು ಬರೆಯಲು ಕುಳಿತಾಗ

ತನಗಿಂತ ಹಿರಿದಾದ ಪ್ರತಿಭೆಯೊಂದು ಅರ್ಧಕ್ಕೆ ಬಿಟ್ಟುಹೋದ ಕೃತಿಯನ್ನು ಮುಂದುವರಿಸಬೇಕಾದವನ ಲೇಖನಿ ಸುಲಭವಾಗಿ ಏಳದು. ಒಂಬತ್ತನೆಯ ಶತಮಾನದ ರಾಷ್ಟ್ರಕೂಟರ ನಾಡಿನಲ್ಲಿ ಗುಣಭದ್ರಾಚಾರ್ಯರು ಎದುರಿಸಿದ ಸ್ಥಿತಿ ಇದೇ. ಅದನ್ನು ಅವರು ದಾಟಿದ ಬಗೆಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕು.

ಅಪೂರ್ಣ ಕೃತಿಯ ಹೊಣೆ ಈ ಗುರುಪರಂಪರೆಗೆ ಹೊಸದಾಗಿರಲಿಲ್ಲ. ಷಟ್ಖಂಡಾಗಮಕ್ಕೆ ಧವಳಾ ಟೀಕೆಯನ್ನು ರಚಿಸಿದ ವೀರಸೇನಾಚಾರ್ಯರು ಕಷಾಯಪ್ರಾಭೃತದ ಮೇಲಣ ಜಯಧವಳಾ ಟೀಕೆಯನ್ನು 20,000 ಗ್ರಂಥ ಪ್ರಮಾಣದಷ್ಟು ಬರೆದು ಸ್ವರ್ಗಸ್ಥರಾದರು. ಶಿಷ್ಯರಾದ ಜಿನಸೇನರು ಮತ್ತೆ 40,000 ಗ್ರಂಥಗಳನ್ನು ಸೇರಿಸಿ ಕ್ರಿ.ಶ. 837ರಲ್ಲಿ ಅದನ್ನು ಪೂರೈಸಿದರು. ಆದರೆ ಟೀಕೆಗೆ ಮೂಲಗ್ರಂಥದ ಆಸರೆಯುಂಟು. ಸೂತ್ರವೇ ಮುಂದಿನ ದಾರಿಯನ್ನು ತೋರುತ್ತದೆ. ಕಾವ್ಯದಲ್ಲಿ ಹಾಗಲ್ಲ.

ಅಮೋಘವರ್ಷ ನೃಪತುಂಗನ ಪೂಜ್ಯಗುರುಗಳಾದ ಇದೇ ಜಿನಸೇನರು ಅರುವತ್ತಮೂರು ಶಲಾಕಾಪುರುಷರ ಚರಿತೆಯನ್ನು ಹೇಳುವ ಮಹಾಪುರಾಣಕ್ಕೆ ಕೈಹಾಕಿದರು. 42 ಪರ್ವಗಳೂ 43ನೆಯ ಪರ್ವದ ಮೂರು ಶ್ಲೋಕಗಳೂ ಆದಾಗ ಅವರ ಬರಹ ನಿಂತಿತು. ಮೊದಲ ತೀರ್ಥಂಕರನ ಕಥೆಯೇ ಇನ್ನೂ ಮುಗಿದಿರಲಿಲ್ಲ.

ಅಲ್ಲಿಂದ ಮುಂದಕ್ಕೆ ಬರೆಯಲು ತೊಡಗಿದ ಗುಣಭದ್ರರು ತಮ್ಮ ಅಳುಕನ್ನು ಮರೆಮಾಚಲಿಲ್ಲ. ಕಬ್ಬಿನಂತೆ ಈ ಕೃತಿಗೂ ಪೂರ್ವಾರ್ಧದಲ್ಲಿಯೇ ರಸವಿರಬಹುದು; ಉತ್ತರಾರ್ಧವು ಹೇಗಾದರೂ ಆಗಲಿ, ಸಿದ್ಧವಾಗಲಿ ಎಂಬ ಭಾವದಿಂದ ಆರಂಭಿಸುತ್ತಾರೆ. ಮಾತು ಹೊರಡುವುದು ಹೃದಯದಿಂದ, ಅಲ್ಲಿ ಗುರುಗಳು ನೆಲೆಸಿದ್ದಾರೆ, ತಿದ್ದುವ ಕೆಲಸವನ್ನು ಅವರೇ ಮಾಡುವರು ಎಂದು ಸಮಾಧಾನ ತಂದುಕೊಳ್ಳುತ್ತಾರೆ.

ಇದನ್ನು ರೂಢಿಯ ಕವಿವಿನಯವೆಂದು ಬದಿಗಿರಿಸುವುದು ಸುಲಭ. ಆದರೆ ರೂಢಿಯ ವಿನಯವು ಸಾಮಾನ್ಯವಾಗಿ ಸಹೃದಯರ ಕ್ಷಮೆಯನ್ನು ಬೇಡುತ್ತದೆ. ಗುಣಭದ್ರರು ತಮ್ಮ ಭಾಗ ಕಡಿಮೆ ಸವಿಯದಾಗಬಹುದೆಂಬುದನ್ನು ಮೊದಲೇ ಒಪ್ಪಿಕೊಂಡು, ಆ ಒಪ್ಪಿಗೆಯಿಂದಲೇ ಬರೆಯುವ ಬಿಡುವನ್ನು ಪಡೆದರು. ಗುರುವಿಗೆ ಸಮನಾಗಿ ಬರೆಯಬೇಕೆಂಬ ಹಟ ಹಿಡಿದಿದ್ದರೆ ನಾಲ್ಕನೆಯ ಶ್ಲೋಕ ಹುಟ್ಟುತ್ತಿತ್ತೆ? ತಡೆಯಾಗಬಹುದಾಗಿದ್ದ ಗುರುವಿನ ಹಿರಿಮೆ ಅವರಿಗೆ ಆಸರೆಯಾಯಿತು.

ಅವರ ಯೋಜನೆಯೂ ಅಷ್ಟೇ ವಿವೇಕದ್ದು. 47ನೆಯ ಪರ್ವಕ್ಕೆ ಆದಿಪುರಾಣವನ್ನು ಮುಗಿಸಿದರು. ಒಬ್ಬ ತೀರ್ಥಂಕರನಿಗೆ 47 ಪರ್ವಗಳಾದ ವಿಸ್ತಾರವನ್ನು ಅನುಕರಿಸದೆ, ಉಳಿದ 23 ತೀರ್ಥಂಕರರ ಚರಿತೆಯನ್ನು ಉತ್ತರಪುರಾಣದ 29 ಪರ್ವಗಳಿಗೆ ಅಳವಡಿಸಿದರು. ತಮ್ಮ ಶಕ್ತಿಗೂ ಕಾಲಕ್ಕೂ ತಕ್ಕ ಅಳತೆಯನ್ನು ಆರಿಸಿಕೊಂಡುದರಿಂದ ಮಹಾಪುರಾಣ 76 ಪರ್ವಗಳಲ್ಲಿ ಪೂರ್ಣವಾಯಿತು. ಶಿಷ್ಯ ಲೋಕಸೇನರ ಪ್ರಶಸ್ತಿಯು ಕ್ರಿ.ಶ. 898ರಲ್ಲಿ ಬಂಕಾಪುರದಲ್ಲಿ ಆ ಕೃತಿಗೆ ಸಂದ ಪೂಜೆಯನ್ನು ಹೇಳುತ್ತದೆ.

ಕನ್ನಡಕ್ಕೆ ಇದರಿಂದ ಆದ ಲಾಭ ಸಣ್ಣದಲ್ಲ. ಪಂಪನು 941ರಲ್ಲಿ ಆದಿಪುರಾಣವನ್ನು ರಚಿಸುವಾಗ ಜಿನಸೇನರ ಕೃತಿ ಆಕರವಾಯಿತು. 978ರಲ್ಲಿ ಚಾವುಂಡರಾಯನು ಅರುವತ್ತಮೂವರ ಕಥೆಯನ್ನೂ ಗದ್ಯದಲ್ಲಿ ಹೇಳಹೊರಟಾಗ ಗುಣಭದ್ರರ ಭಾಗವೂ ಬೇಕಾಯಿತು. ರಸ ಕಡಿಮೆಯಾದೀತೆಂದು ಅಂಜಿದ ಉತ್ತರಾರ್ಧವೇ ಮುಂದಿನವರ ಕೈದೀವಿಗೆಯಾಯಿತು.

ಹಿರಿಯ ವಿದ್ವಾಂಸರ ಕೃತಿಗಳನ್ನು ಓದಿದ ಬಳಿಕ ತಮ್ಮ ಪ್ರಬಂಧದ ಒಂದು ಪುಟವೂ ಮುಂದೆ ಸಾಗದೆಂದು ಹೇಳುವ ಸಂಶೋಧನಾರ್ಥಿಗಳು ನಮ್ಮಲ್ಲಿ ಹಲವರಿದ್ದಾರೆ. ಅವರು 43ನೆಯ ಪರ್ವದ ಆರಂಭವನ್ನೊಮ್ಮೆ ಓದಲಿ. ಬಳಿಕ ತಮ್ಮ ಕಬ್ಬಿನ ಉತ್ತರಾರ್ಧಕ್ಕೆ ಕೈಹಚ್ಚಲಿ.